16 ಕಿ.ಮೀ. ಕಣಿವೆ–ಕಾಡು–ಏಣಿನ ಸುತ್ತುದಾರಿ: ನಿಜವಾಗಿ ಎಷ್ಟು ಹೊತ್ತು ಬೇಕು?

ಸುತ್ತುದಾರಿ:
ನಾಲ್ಕು ಜನರ ತಂಡ, ಒಂದೇ ದಿನದ ನಡಿಗೆ. ಹೊರಟ ಜಾಗಕ್ಕೇ ವಾಪಸ್ ಬರುವ ದಾರಿ. ನಕ್ಷೆಯಲ್ಲಿ ಕಾಣುವ ವಿವರ ಹೀಗಿದೆ:

ಮೊದಲ 4 ಕಿ.ಮೀ. ಹೊಳೆ ಪಕ್ಕದಲ್ಲೇ ಮೇಲ್ಮುಖವಾಗಿ, ಸುಮಾರು 100 ಮೀಟರ್ ಏರು. ಆಮೇಲೆ 4.5 ಕಿ.ಮೀ. ದಟ್ಟ ಕಾಡಿನೊಳಗೆ 700 ಮೀಟರ್ ಏರು. ಬೆಟ್ಟದ ಏಣಿನ (ಬೆಟ್ಟಸಾಲಿನ ನೆತ್ತಿಯ) ಮೇಲೆ ಬೋಳು ಹುಲ್ಲುಗಾವಲಿನಲ್ಲಿ 3 ಕಿ.ಮೀ., ಅಲ್ಲಿ ಹತ್ತಿಳಿಯುವುದು ಸೇರಿ 100 ಮೀಟರ್ ಏರು, 200 ಮೀಟರ್ ಇಳಿತ. ನಂತರ 2.5 ಕಿ.ಮೀ.ಯಲ್ಲಿ 600 ಮೀಟರ್ ಇಳಿದು ಮತ್ತೆ ಕಣಿವೆ. ಕೊನೆಯ 2 ಕಿ.ಮೀ. ಹೊಳೆ ಬದಿ. ಸೇತುವೆ ಇಲ್ಲದ ಎರಡು ದಾಟುಗಳಿವೆ: 3ನೇ ಕಿ.ಮೀ.ಯಲ್ಲಿ ಒಂದು ಉಪಹಳ್ಳ, 14.5ನೇ ಕಿ.ಮೀ.ಯಲ್ಲಿ ಮುಖ್ಯ ಹೊಳೆ.

ಆ್ಯಪ್ 4 ಗಂಟೆ 20 ನಿಮಿಷ ಅನ್ನುತ್ತಿದೆ. ಇದನ್ನು ನಂಬಬಹುದಾ? ಇನ್ನೇನು ನೋಡಿಕೊಳ್ಳಬೇಕು?

ಕಾಂಟೂರ್:
ನಂಬಬೇಡಿ. ಆ್ಯಪ್‌ಗಳು ಸಾಮಾನ್ಯವಾಗಿ ಕೊಡುವುದು ನಿಲ್ಲದೆ, ಒಳ್ಳೆಯ ದಾರಿಯಲ್ಲಿ ನಡೆದರೆ ಹಿಡಿಯುವ ಹೊತ್ತು. ಬೆಟ್ಟ–ಕಣಿವೆಯ ದಾರಿಯಲ್ಲಿ ಕಿಲೋಮೀಟರ್ ಅನ್ನುವುದು ಅರ್ಧ ಮಾಹಿತಿ ಅಷ್ಟೇ. ಉಳಿದರ್ಧ ಏರು, ನೆಲದ ಗುಣ ಮತ್ತು ನೀರಿನಲ್ಲಿದೆ.

ಕೈಯಲ್ಲೇ ಲೆಕ್ಕ ಹಾಕಲು 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಯ್ಸ್ಮಿತ್ ಕೊಟ್ಟ ಸೂತ್ರ ಈಗಲೂ ಸಾಕು. ಗಂಟೆಗೆ 5 ಕಿ.ಮೀ., ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ. ಅಂದರೆ 10 ಮೀಟರ್ ಏರಿಗೆ 1 ನಿಮಿಷ, ನೆನಪಿಡಲು ಸುಲಭ. ಆದರೆ ಇದು ಒಳ್ಳೆ ದಾರಿಯಲ್ಲಿ ನಡೆಯುವ ಗಟ್ಟಿಮುಟ್ಟಾದವರಿಗೆ ಹೊಂದುವ ಲೆಕ್ಕ, ವಿಶ್ರಾಂತಿ ಸೇರಿಲ್ಲ. ಬೇರು, ಕಲ್ಲು, ಒದ್ದೆ ಎಲೆ ಇರುವ ಕಾಡುದಾರಿಗೆ ಗಂಟೆಗೆ 3.5 ಕಿ.ಮೀ. ಹಿಡಿಯಿರಿ.

ನಿಮ್ಮ ದಾರಿಗೆ: ಹೊಳೆ ಬದಿ ಮತ್ತು ಏಣು ಸೇರಿ 9 ಕಿ.ಮೀ., 5ರ ವೇಗಕ್ಕೆ 1 ಗಂಟೆ 48 ನಿಮಿಷ. ಕಾಡಿನ ಏರು ಮತ್ತು ಕಡಿದಾದ ಇಳಿಜಾರು ಸೇರಿ 7 ಕಿ.ಮೀ., 3.5ರ ವೇಗಕ್ಕೆ 2 ಗಂಟೆ. ಒಟ್ಟು ಏರು 900 ಮೀಟರ್, 1 ಗಂಟೆ 30 ನಿಮಿಷ. ಇಲ್ಲಿಗೇ 5 ಗಂಟೆ 18 ನಿಮಿಷ ಆಯಿತು.

ಇಳಿಜಾರಿಗೂ ಲೆಕ್ಕವಿದೆ. ನೇಯ್ಸ್ಮಿತ್ ಸೂತ್ರಕ್ಕೆ ಆಮೇಲೆ ಬ್ರಿಟನ್ನಿನ ಪರ್ವತಾರೋಹಿ ಎರಿಕ್ ಲ್ಯಾಂಗ್ಮುಯಿರ್ ಸೇರಿಸಿದ ತಿದ್ದುಪಡಿ ಪ್ರಕಾರ 5ರಿಂದ 12 ಡಿಗ್ರಿ ಇಳಿಜಾರಿನಲ್ಲಿ ಪ್ರತಿ 300 ಮೀಟರ್ ಇಳಿತಕ್ಕೆ 10 ನಿಮಿಷ ಕಳೆಯಬೇಕು, 12 ಡಿಗ್ರಿ ದಾಟಿದರೆ 10 ನಿಮಿಷ ಕೂಡಿಸಬೇಕು. ನಿಮ್ಮದು 2500 ಮೀಟರ್ ದೂರಕ್ಕೆ 600 ಮೀಟರ್, ಅಂದರೆ 24%, ಸುಮಾರು 13.5 ಡಿಗ್ರಿ. ಹಾಗಾಗಿ 20 ನಿಮಿಷ ಕೂಡಿಸಿ. ಒಂದೊಂದು ದಾಟಿಗೆ 20 ನಿಮಿಷ: ಜಾಗ ಹುಡುಕುವುದು, ನಾಲ್ವರೂ ದಾಟುವುದು, ಸಾಕ್ಸ್ ಹಿಂಡಿ ಹಾಕಿಕೊಳ್ಳುವುದು ಎಲ್ಲ ಸೇರಿ. ಇದರ ಜೊತೆಗೆ ಒಂದು ಗಂಟೆ ವಿಶ್ರಾಂತಿ. ಒಟ್ಟು ಸುಮಾರು 7 ಗಂಟೆ 20 ನಿಮಿಷ. ಆ್ಯಪ್ ಹೇಳಿದ್ದಕ್ಕಿಂತ ಸರಿಯಾಗಿ ಮೂರು ಗಂಟೆ ಹೆಚ್ಚು.

ಇನ್ನೊಂದು ವಿಷಯ. ನಾಲ್ವರಲ್ಲಿ ತೀರಾ ನಿಧಾನ ನಡೆಯುವವರ ವೇಗವೇ ತಂಡದ ವೇಗ. ಸರಾಸರಿ ತೆಗೆಯಬೇಡಿ.

ಹೊಳೆಬದಿ:
ಹೊತ್ತಿನ ಲೆಕ್ಕ ಸರಿಯಾಗಿದೆ. ಆದರೆ ಈ ಯೋಜನೆಯ ದೊಡ್ಡ ತೊಂದರೆ ಬೇರೆ ಇದೆ. ಮುಖ್ಯ ಹೊಳೆಯ ದಾಟು 14.5ನೇ ಕಿ.ಮೀ.ಯಲ್ಲಿ, ಮಧ್ಯಾಹ್ನದ ಹೊತ್ತಿಗೆ, ಕಾಲು ಸೋತಿರುವಾಗ ಬರುತ್ತದೆ. ಅಲ್ಲಿ ನೀರು ಏರಿದ್ದರೆ ನಿಮ್ಮ ಮುಂದಿರುವುದು ಎರಡೇ: ಅಪಾಯದ ದಾಟು, ಇಲ್ಲವೇ 600 ಮೀಟರ್ ವಾಪಸ್ ಹತ್ತಿ ಇಡೀ ದಾರಿ ಹಿಂದಕ್ಕೆ. ಹೊಳೆ ಅವಘಡಗಳು ಆಗುವುದು ಇಂಥ ಸ್ಥಿತಿಯಲ್ಲೇ. ಗಾಡಿ ಇನ್ನೊಂದೂವರೆ ಕಿ.ಮೀ. ದೂರದಲ್ಲಿದೆ ಎಂಬ ಯೋಚನೆಯೇ ಜನರನ್ನು ನೀರಿಗಿಳಿಸುತ್ತದೆ.

ಸುತ್ತನ್ನು ಉಲ್ಟಾ ನಡೆಯಿರಿ. ಆಗ ಮುಖ್ಯ ಹೊಳೆ 1.5ನೇ ಕಿ.ಮೀ.ಯಲ್ಲಿ, ಬೆಳಗಿನ ಹೊತ್ತಲ್ಲಿ ಸಿಗುತ್ತದೆ. ದಾಟಲು ಆಗದಿದ್ದರೆ ಅರ್ಧ ಗಂಟೆಯಲ್ಲಿ ವಾಪಸ್. ಕೊನೆಗೆ ಉಳಿಯುವುದು ಉಪಹಳ್ಳ. ಅದರ ಜಲಾನಯನ ಚಿಕ್ಕದು. ಮಳೆಗೆ ಬೇಗ ಏರಿದರೂ ಬೇಗ ಇಳಿಯುತ್ತದೆ, ದಡದಲ್ಲಿ ಕಾದರೆ ಸಾಕಾಗಬಹುದು. ದೊಡ್ಡ ಹೊಳೆ ಹಾಗಲ್ಲ. ಮೇಲ್ಗಡೆ ಎಲ್ಲೋ ಸುರಿದ ಮಳೆ ಇಲ್ಲಿ ಬಿಸಿಲಿರುವಾಗಲೂ ಬಂದು ತಲುಪುತ್ತದೆ, ಇಳಿಯಲು ದಿನ ಹಿಡಿಯಬಹುದು. ಹಿಮ ಕರಗಿ ಹರಿಯುವ ಹೊಳೆಗಳಲ್ಲಂತೂ ಬೆಳಗಿನ ಜಾವವೇ ನೀರು ಕಡಿಮೆ, ಮಧ್ಯಾಹ್ನದ ಮೇಲೆ ಜಾಸ್ತಿ.

ಏಣುನಡಿಗೆ:
ಉಲ್ಟಾ ನಡೆಯುವುದಕ್ಕೆ ಇನ್ನೊಂದು ಕಾರಣ ಸೇರಿಸುತ್ತೇನೆ. ಕಡಿದಾದ ಬದಿಯನ್ನು ಹತ್ತಬೇಕು, ಸೌಮ್ಯವಾದ ಬದಿಯಲ್ಲಿ ಇಳಿಯಬೇಕು. ಹತ್ತುವಾಗ ಖರ್ಚಾಗುವುದು ಉಸಿರು, ನಿಂತರೆ ವಾಪಸ್ ಬರುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಎಳೆದ ಸ್ಥಿತಿಯಲ್ಲೇ ಭಾರ ತಡೆಯಬೇಕು, ಹಾಗಾಗಿ ಬೇಗ ಸೋಲುತ್ತದೆ, ಎರಡು ದಿನ ನೋಯುತ್ತದೆ. ಜಾರಿ ಬೀಳುವುದೂ ಇಳಿಯುವಾಗಲೇ ಹೆಚ್ಚು, ಅದೂ ದಿನದ ಕೊನೆಗೆ.

ಕಡಿದಾದ ಇಳಿತಕ್ಕೆ ಕೂಡಿಸಿದ್ದ 20 ನಿಮಿಷವೂ ಉಳಿಯಿತು, ಒಟ್ಟು ಸುಮಾರು 7 ಗಂಟೆಗೆ ಬಂತು. ಕಾಡಿನ ಬದಿಯ ಇಳಿತ 9 ಡಿಗ್ರಿಯೊಳಗೇ ಇದೆ. ಲ್ಯಾಂಗ್ಮುಯಿರ್ ಲೆಕ್ಕದಲ್ಲಿ ಅದಕ್ಕೆ ಹೊತ್ತು ಕಳೆಯಬಹುದು, ಆದರೆ ಬೇರು ತುಂಬಿದ ದಾರಿಯಲ್ಲಿ ಆ ರಿಯಾಯಿತಿ ತೆಗೆದುಕೊಳ್ಳಬೇಡಿ.

ಸುತ್ತುದಾರಿ:
ಉಲ್ಟಾ ನಡೆಯುವುದು ಹೊಳೆದಿರಲಿಲ್ಲ, ಧನ್ಯವಾದ. ಹೊಳೆ ದಾಟುವ ಕ್ರಮ ಸ್ವಲ್ಪ ವಿವರವಾಗಿ ಹೇಳಬಹುದಾ? ನಾಲ್ವರಲ್ಲಿ ಇಬ್ಬರು ಹರಿಯುವ ನೀರಿಗೆ ಇಳಿದೇ ಇಲ್ಲ. ಹಗ್ಗ ತರಬೇಕಾ?

ಹೊಳೆಬದಿ:
ಹಗ್ಗ ಬೇಡ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದವರು ಬಿದ್ದರೆ, ಹಗ್ಗ ಬಿಗಿಯಾಗಿ ಸೆಳವು ಅವರನ್ನು ನೀರಿನಡಿಗೇ ಒತ್ತಿ ಹಿಡಿಯುತ್ತದೆ. ತರಬೇತಿ ಇಲ್ಲದವರ ಕೈಯಲ್ಲಿ ಹಗ್ಗ ಸಹಾಯಕ್ಕಿಂತ ಅಪಾಯ.

ಮೊದಲು ನೋಡಿ, ಆಮೇಲೆ ಇಳಿಯಿರಿ. ದಾರಿ ನೀರನ್ನು ಮುಟ್ಟುವ ಜಾಗವೇ ದಾಟುವ ಜಾಗ ಆಗಬೇಕಿಲ್ಲ. ಹೊಳೆ ಅಗಲವಾಗಿ ಹರಡಿರುವ ಕಡೆ ಆಳ ಕಡಿಮೆ, ಸೆಳವೂ ಕಡಿಮೆ. ಇಕ್ಕಟ್ಟಾದ ಕಡೆ ಹತ್ತಿರ ಕಂಡರೂ ಅಷ್ಟೇ ನೀರು ಆಳದಲ್ಲಿ, ಜೋರಾಗಿ ಹೋಗುತ್ತಿರುತ್ತದೆ. ತಿರುವಿನ ಹೊರಬದಿ ಕೊರೆದು ಆಳವಾಗಿರುತ್ತದೆ. ಎರಡು ತಿರುವುಗಳ ನಡುವಿನ ನೇರ ಭಾಗ ಹುಡುಕಿ. ಆಮೇಲೆ ಕೆಳಗಡೆ ಏನಿದೆ ನೋಡಿ. ಕೆಳಗೆ ಜಲಪಾತ, ಬಂಡೆ ಸಂದಿ, ಅಡ್ಡಬಿದ್ದ ಮರ ಇದ್ದರೆ ಆ ಜಾಗ ಬಿಡಿ. ಬಿದ್ದ ಮರದ ಕೊಂಬೆಗಳ ನಡುವೆ ನೀರು ತೂರಿ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ.

ಒಂದು ಕಡ್ಡಿ ಎಸೆದು ಜೊತೆಗೆ ದಡದಲ್ಲಿ ನಡೆಯಿರಿ. ನಡಿಗೆಗಿಂತ ಕಡ್ಡಿ ಬೇಗ ಹೋದರೆ ಮಂಡಿಯುದ್ದದ ನೀರೂ ಬೇಡ. ಸೆಳವಿನ ವೇಗ ಎರಡರಷ್ಟಾದರೆ ಕಾಲಿನ ಮೇಲೆ ಬೀಳುವ ಒತ್ತಡ ನಾಲ್ಕರಷ್ಟಾಗುತ್ತದೆ, ಹಾಗಾಗಿ ಕಣ್ಣಂದಾಜು ಯಾವಾಗಲೂ ಕಡಿಮೆ ಹೇಳುತ್ತದೆ. ನೀರು ಕದಡಿದೆ, ಎಲೆ ಕಡ್ಡಿ ತೇಲಿ ಬರುತ್ತಿದೆ, ತಳದಲ್ಲಿ ಕಲ್ಲು ಉರುಳುವ ಗುಡುಗುಡು ಸದ್ದು ಕೇಳುತ್ತಿದೆ ಅಂದರೆ ನೀರು ಏರುತ್ತಿದೆ. ಅಲ್ಲಿಗೆ ಯೋಚನೆ ಮುಗಿಯಿತು, ವಾಪಸ್ ಬನ್ನಿ.

ಇಳಿಯುವ ಮುಂಚೆ ಚೀಲದ ಸೊಂಟಪಟ್ಟಿ, ಎದೆಪಟ್ಟಿ ಬಿಚ್ಚಿ. ಬಿದ್ದರೆ ಚೀಲ ಕಳಚಿ ಬರಬೇಕು. ಬೂಟು ಬಿಚ್ಚಬೇಡಿ, ಬರಿಗಾಲು ಕಲ್ಲಿನ ಮೇಲೆ ಹಿಡಿತ ಕಳೆದುಕೊಳ್ಳುತ್ತದೆ, ಬೆರಳು ಜಖಂ ಆಗುತ್ತದೆ. ಸಾಕ್ಸ್ ಒಣಗಿರಬೇಕೆಂದರೆ ಅದನ್ನು ಮಾತ್ರ ತೆಗೆದು ಬರಿಗಾಲಿಗೆ ಬೂಟು ಹಾಕಿ. ಮುಖ ಹೊಳೆಯ ಮೇಲ್ಗಡೆಗೆ, ಕೋಲು ಮುಂದೆ ಊರಿ ಸ್ವಲ್ಪ ಅದರ ಮೇಲೆ ಬಾಗಿ. ಎರಡು ಕಾಲು, ಒಂದು ಕೋಲು. ಈ ಮೂರರಲ್ಲಿ ಒಂದು ಹೊತ್ತಿಗೆ ಒಂದೇ ಕದಲಬೇಕು. ಪಾದ ಎತ್ತಿ ಇಡಬೇಡಿ, ತಳ ತಡವುತ್ತಾ ಪಕ್ಕಕ್ಕೆ ಸರಿಸಿ. ಕಲ್ಲಿನ ಮೇಲಲ್ಲ, ಕಲ್ಲುಗಳ ನಡುವಿನ ಜಲ್ಲಿಯಲ್ಲಿ ಊರಿ. ಕಾಲು ಅಡ್ಡ ದಾಟಿಸಬೇಡಿ. ನೇರ ಎದುರು ದಡಕ್ಕಲ್ಲ, ಸ್ವಲ್ಪ ಕೆಳಮುಖವಾಗಿ ಓರೆಯಾಗಿ ಸಾಗಿ. ಕಣ್ಣು ಕಾಲಡಿಯ ನೀರಿನ ಮೇಲೆ ನೆಟ್ಟರೆ ತಲೆ ಸುತ್ತುತ್ತದೆ, ಎದುರು ದಡ ನೋಡುತ್ತಿರಿ.

ಹೊಸಬರನ್ನು ಒಬ್ಬೊಬ್ಬರಾಗಿ ಬಿಡಬೇಡಿ. ನಾಲ್ವರೂ ತೋಳಿಗೆ ತೋಳು ಕೊಟ್ಟು ಒಂದೇ ಸಾಲಾಗಿ, ಸಾಲು ಸೆಳವಿಗೆ ಸಮಾನಾಂತರ ಇರುವಂತೆ ನಿಂತು ದಾಟಿ. ಗಟ್ಟಿಗರು ಮೇಲ್ತುದಿಗೆ, ಹೊಸಬರು ಅವರ ಮರೆಯಲ್ಲಿ.

ಬಿದ್ದರೆ: ಬೆನ್ನ ಮೇಲೆ ತೇಲಿ, ಪಾದ ಹೊಳೆ ಹರಿಯುವ ದಿಕ್ಕಿಗೆ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ. ಕೈಯಲ್ಲಿ ಹಿಂದಕ್ಕೆ ತಳ್ಳುತ್ತಾ ದಡಕ್ಕೆ ಸರಿಯಿರಿ. ಸೆಳವಿನ ನಡುವೆ ಎದ್ದು ನಿಲ್ಲಲು ನೋಡಲೇಬೇಡಿ. ಪಾದ ಕಲ್ಲಿನ ಸಂದಿಗೆ ಸಿಕ್ಕರೆ ನೀರು ದೇಹವನ್ನು ಮುಂದಕ್ಕೆ ಮಗುಚುತ್ತದೆ, ಮಂಡಿಯುದ್ದದ ನೀರಲ್ಲೂ ಜೀವ ಹೋಗುವುದು ಹೀಗೆ.

ನಡಿಗೆಗಾರ:
ಹೊಳೆ ಇರುವುದರಿಂದ ವಾಟರ್‌ಪ್ರೂಫ್ ಬೂಟು ತೆಗೆದುಕೊಳ್ಳಬೇಕು ಅಲ್ಲವಾ? ಎತ್ತರದ ಕತ್ತಿನದು ಇದ್ದರೆ ಕಣಕಾಲಿಗೂ ಆಸರೆ.

ಏಣುನಡಿಗೆ:
ನನ್ನ ಅಭಿಪ್ರಾಯ ಇದಕ್ಕೆ ಉಲ್ಟಾ. ಒಳಪದರದ ವಾಟರ್‌ಪ್ರೂಫ್ ಬೂಟು ಕೆಸರಿಗೆ, ಒದ್ದೆ ಹುಲ್ಲಿಗೆ ಒಳ್ಳೆಯದು. ಮಂಡಿಮಟ್ಟದ ದಾಟಿನಲ್ಲಿ ನೀರು ಮೇಲಿನಿಂದ ಒಳಗೆ ಹೋಗುತ್ತದೆ, ಆಮೇಲೆ ಅದೇ ಪದರ ನೀರನ್ನು ಹೊರಗೆ ಬಿಡುವುದಿಲ್ಲ. ಜಾಲರಿ ಶೂ ನಡೆಯುತ್ತಾ ನಡೆಯುತ್ತಾ ನೀರು ಹೊರಗೆ ತಳ್ಳುತ್ತದೆ. ಚಳಿ ಪ್ರದೇಶಕ್ಕೆ, ಹಿಮಕ್ಕೆ ಮಾತ್ರ ನಿಮ್ಮ ಮಾತು ಒಪ್ಪುತ್ತೇನೆ. ಸಾಕ್ಸ್ ಉಣ್ಣೆ ಅಥವಾ ಸಿಂಥೆಟಿಕ್ ಇರಲಿ, ಹತ್ತಿ ಬೇಡ. ಒದ್ದೆ ಹತ್ತಿ ಚರ್ಮಕ್ಕೆ ಅಂಟಿ ಉಜ್ಜುತ್ತದೆ. ಪಾದದಲ್ಲಿ ಒಂದು ಕಡೆ ಬಿಸಿ ಅನಿಸಿದ ಕ್ಷಣವೇ ನಿಂತು, ಒರೆಸಿ, ಟೇಪ್ ಅಂಟಿಸಿ. ಗುಳ್ಳೆ ಎದ್ದ ಮೇಲೆ ಟೇಪ್ ತಡ.

ಇಳಿಯುವ ಮುಂಚೆ ಲೇಸ್ ಮತ್ತೆ ಕಟ್ಟಿ: ಮೇಲಿನ ಎರಡು ತೂತುಗಳ ನಡುವೆ ಎರಡೂ ಬದಿಗೆ ಕುಣಿಕೆ ಬಿಟ್ಟು, ಎದುರು ಲೇಸನ್ನು ಅದರೊಳಗೆ ತೂರಿಸಿ ಬಿಗಿದರೆ ಹಿಮ್ಮಡಿ ಕದಲುವುದಿಲ್ಲ, ಬೆರಳು ಮುಂದಕ್ಕೆ ಬಡಿಯುವುದಿಲ್ಲ. ಉಗುರು ಎರಡು ದಿನ ಮುಂಚೆ ಕತ್ತರಿಸಿಕೊಳ್ಳಿ. ಕೋಲಿನ ಉದ್ದ ಸಮತಟ್ಟಿನಲ್ಲಿ ಮೊಣಕೈ 90 ಡಿಗ್ರಿ ಬಾಗುವಷ್ಟು. ಇಳಿಯುವಾಗ 5–10 ಸೆಂ.ಮೀ. ಹೆಚ್ಚಿಸಿ, ಹತ್ತುವಾಗ ಅಷ್ಟೇ ಕಡಿಮೆ ಮಾಡಿ.

ಸುತ್ತುದಾರಿ:
ಕಾಡಿನೊಳಗೆ ದಾರಿ ತಪ್ಪಿದರೆ ಹೊಳೆ ಹಿಡಿದು ಕೆಳಗೆ ಇಳಿದರಾಯಿತು ಅಂತ ತಂಡದಲ್ಲಿ ಒಬ್ಬರ ವಾದ. ಸರಿಯಾ? ಫೋನ್‌ನಲ್ಲಿ ಜಿಪಿಎಸ್ ಇದ್ದೇ ಇರುತ್ತದೆ.

ಕಾಂಟೂರ್:
ಹೊಳೆ ಹಿಡಿದು ಇಳಿಯುವುದು ಬಯಲಿಗೆ ಸರಿ, ಬೆಟ್ಟದ ಕಣಿವೆಗೆ ತಪ್ಪು. ನೀರು ಸುಲಭದ ದಾರಿ ಹುಡುಕುವುದಿಲ್ಲ, ಕಡಿದಾದ ದಾರಿ ಹುಡುಕುತ್ತದೆ. ಹಳ್ಳದಗುಂಟ ಇಳಿದರೆ ಸಿಗುವುದು ಪಾಚಿಗಟ್ಟಿದ ಬಂಡೆ, ಪೊದೆ, ಕೊನೆಗೆ ಹತ್ತಲೂ ಇಳಿಯಲೂ ಆಗದ ಜಲಪಾತದ ನೆತ್ತಿ. ಜಿಪಿಎಸ್, ಫೋನ್ ಸಿಗ್ನಲ್, ಹುಡುಕುವವರ ಕಣ್ಣು, ಮೂರೂ ಕಣಿವೆಯ ತಳಕ್ಕೆ ಸರಿಯಾಗಿ ತಲುಪುವುದಿಲ್ಲ. ದಾರಿ ತೋರಿಸಲು ಬಳಿದ ಗುರುತು ಕಾಣದೆ ಹತ್ತು ನಿಮಿಷ ಆಯಿತೆಂದರೆ ಬಂದ ದಾರಿಯಲ್ಲೇ ಕೊನೆಯ ಗುರುತಿನವರೆಗೆ ವಾಪಸ್ ಹೋಗಿ. ಗುರುತುಗಳ ಕ್ರಮ ಪ್ರದೇಶಕ್ಕೊಂದು ಇರುತ್ತದೆ, ಹೊರಡುವ ಮುಂಚೆ ಫಲಕ ಓದಿಕೊಳ್ಳಿ. ಅಮೆರಿಕದ ಅಪಲೇಚಿಯನ್ ಟ್ರೇಲ್‌ನಲ್ಲಿ ಒಂದರ ಮೇಲೊಂದು ಎರಡು ಬಿಳಿ ಪಟ್ಟಿ ಇದ್ದರೆ ಮುಂದೆ ತಿರುವಿದೆ ಎಂದರ್ಥ. ಫ್ರಾನ್ಸಿನ ಜಿಆರ್ ಎಂಬ ದೂರದ ಕಾಲುದಾರಿಗಳಲ್ಲಿ ಬಿಳಿ–ಕೆಂಪು ಪಟ್ಟಿಗಳು ಕತ್ತರಿಯಾಕಾರದಲ್ಲಿದ್ದರೆ ಆ ಕಡೆ ಹೋಗಬೇಡಿ ಎಂದರ್ಥ.

ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ಆದರೆ ನಕ್ಷೆ ಮುಂಚೆಯೇ ಡೌನ್‌ಲೋಡ್ ಆಗಿರಬೇಕು. ಆಳದ ಕಣಿವೆಯಲ್ಲಿ ಉಪಗ್ರಹದ ಸಂಕೇತ ಬೆಟ್ಟದ ಗೋಡೆಗೆ ಬಡಿದು ತಡವಾಗಿ ಬರುವುದರಿಂದ ನಿಮ್ಮ ಚುಕ್ಕೆ ಎದುರು ದಡದಲ್ಲಿ ಕಾಣಿಸಬಹುದು. ದಟ್ಟ ಮರಗಳಡಿ ದಾಖಲಾದ ಜಾಡು ಅಂಕುಡೊಂಕಾಗಿ ದೂರವೂ ಏರೂ ಹೆಚ್ಚು ತೋರಿಸುತ್ತದೆ. ಏರೋಪ್ಲೇನ್ ಮೋಡ್‌ನಲ್ಲಿಡಿ, ಸಿಗ್ನಲ್ ಇಲ್ಲದ ಕಡೆ ಫೋನ್ ಟವರ್ ಹುಡುಕುತ್ತಲೇ ಬ್ಯಾಟರಿ ಮುಗಿಸುತ್ತದೆ.

ಕಾಗದದ ನಕ್ಷೆಯಲ್ಲಿ ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಓದಲು ಕಲಿಯಲೇಬೇಕು. 1:50,000 ನಕ್ಷೆಯಲ್ಲಿ 1 ಸೆಂ.ಮೀ. ಅಂದರೆ 500 ಮೀಟರ್. ಗೆರೆಯಿಂದ ಗೆರೆಗೆ ಎತ್ತರದ ಅಂತರ 20 ಮೀಟರ್ ಇದ್ದು, ಆ ಒಂದು ಸೆಂಟಿಮೀಟರಿನಲ್ಲಿ 5 ಗೆರೆ ಕಂಡರೆ 20% ಏರು, ಚೀಲ ಹೊತ್ತು ಹತ್ತಬಹುದು. 10 ಗೆರೆ ಕಂಡರೆ 40%, ಹಾವುಮುರಿ ತಿರುವುಗಳಿಲ್ಲದೆ ಅಲ್ಲಿ ದಾರಿ ನಿಲ್ಲುವುದಿಲ್ಲ. ಗೆರೆಗಳ ಮೊನೆ ಎತ್ತರದ ಕಡೆಗೆ ಚಾಚಿದ್ದರೆ ಹಳ್ಳ, ತಗ್ಗಿನ ಕಡೆಗೆ ಚಾಚಿದ್ದರೆ ಏಣು. ನಕ್ಷೆ ಮುಚ್ಚಿಡುವುದನ್ನೂ ತಿಳಿದಿರಿ: 15 ಮೀಟರ್ ಆಳದ ಕೊರಕಲು 20 ಮೀಟರಿನ ಎರಡು ಗೆರೆಗಳ ನಡುವೆ ಅಡಗಿ, ನಕ್ಷೆಯಲ್ಲಿ ಕಾಣದೇ ಹೋಗಬಹುದು.

ಮಂಜಿನಲ್ಲಿ ಹೊಳೆಯ ಸೇತುವೆಯನ್ನೋ ದಾಟನ್ನೋ ಹುಡುಕುವಾಗ ನೇರ ಅದಕ್ಕೇ ಗುರಿ ಇಡಬೇಡಿ. ದಿಕ್ಸೂಚಿಯಲ್ಲಿ 1 ಡಿಗ್ರಿ ತಪ್ಪಾದರೆ 1 ಕಿ.ಮೀ.ಗೆ ಸುಮಾರು 17 ಮೀಟರ್ ತಪ್ಪುತ್ತದೆ, 5 ಡಿಗ್ರಿಗೆ 87 ಮೀಟರ್. ನೀರು ಸಿಕ್ಕಾಗ ಸೇತುವೆ ಎಡಕ್ಕೋ ಬಲಕ್ಕೋ ಗೊತ್ತಾಗುವುದಿಲ್ಲ. ಬೇಕೆಂದೇ 200 ಮೀಟರ್ ಮೇಲ್ಗಡೆಗೆ ಗುರಿ ಇಡಿ. ಹೊಳೆ ಸಿಕ್ಕ ಮೇಲೆ ಕೆಳಮುಖವಾಗಿ ದಡ ಹಿಡಿದು ನಡೆದರೆ ಸೇತುವೆ ಸಿಕ್ಕೇ ಸಿಗುತ್ತದೆ.

ನಡಿಗೆಗಾರ:
ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ಗಂಟೆಗೆ ಅರ್ಧ ಲೀಟರ್ ಲೆಕ್ಕ, ಸೆಖೆಯಲ್ಲಿ ಇನ್ನೂ ಹೆಚ್ಚು. ಏಣಿನ ಮೇಲೆ ನೀರು ಸಿಗುವುದಿಲ್ಲ ಅಂದುಕೊಂಡೇ ಕೆಳಗೆ ತುಂಬಿಸಿಕೊಳ್ಳಿ. ಹೊಳೆ ನೀರನ್ನು ಒಂದು ನಿಮಿಷ ಕೊತಕೊತ ಕುದಿಸಬೇಕು, 2000 ಮೀಟರ್ ಮೇಲೆ ಮೂರು ನಿಮಿಷ. 0.1 ಮೈಕ್ರಾನ್ ಫಿಲ್ಟರ್ ಬ್ಯಾಕ್ಟೀರಿಯಾ ತಡೆಯುತ್ತದೆ, ವೈರಸ್ ತಡೆಯುವುದಿಲ್ಲ. ಕ್ಲೋರಿನ್ ಮಾತ್ರೆಗೆ ಕನಿಷ್ಠ ಅರ್ಧ ಗಂಟೆ ಬೇಕು; ತಣ್ಣಗಿನ, ಕದಡಿದ ನೀರಿನಲ್ಲಿ ಇನ್ನೂ ಹೊತ್ತು. ಮೊದಲು ಬಟ್ಟೆಯಲ್ಲಿ ಸೋಸಿ.

ಏಣುನಡಿಗೆ:
ಮೇಲೆ ಗುಡುಗಿದರೆ: ಮಿಂಚು ಕಂಡು ಸದ್ದು ಕೇಳುವವರೆಗೆ ಎಣಿಸಿ. 30 ಸೆಕೆಂಡ್ ಒಳಗಿದ್ದರೆ, ಅಂದರೆ ಸುಮಾರು 10 ಕಿ.ಮೀ. ಒಳಗೆ, ಏಣು ಬಿಟ್ಟು ಇಳಿಯಿರಿ. ಒಂಟಿ ಮರದಡಿ ನಿಲ್ಲಬೇಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ.

ಹಿಂತಿರುಗುವ ಹೊತ್ತನ್ನು ಮನೆಯಲ್ಲೇ ಗೊತ್ತುಮಾಡಿ, ಹೊರಗಿರುವ ಒಬ್ಬರಿಗೆ ಬರೆದು ಕೊಡಿ. ಉಲ್ಟಾ ಸುತ್ತಿನಲ್ಲಿ ಏಣು ತಲುಪಲು ಸುಮಾರು 3 ಗಂಟೆ. 7ಕ್ಕೆ ಹೊರಟರೆ 10ಕ್ಕೆ ಮೇಲಿರಬೇಕು. 11:30 ಆದರೂ ತಲುಪದಿದ್ದರೆ ವಾಪಸ್. ಸೂರ್ಯಾಸ್ತದ ಹೊತ್ತು ನೋಡಿ ಲೆಕ್ಕ ಹಾಕಬೇಡಿ. ಕಣಿವೆಯಲ್ಲಿ ಸೂರ್ಯ ಬೆಟ್ಟದ ಹಿಂದೆ ಸರಿದ ಮೇಲೆ ಕಾಡಿನಡಿ ಬೇಗ ಕತ್ತಲಾಗುತ್ತದೆ. ಕೈ ಚಾಚಿ ಬೆರಳು ಅಡ್ಡ ಹಿಡಿದರೆ ಒಂದು ಬೆರಳಿಗೆ ಸುಮಾರು 15 ನಿಮಿಷ ಹಗಲು; ದಿಗಂತದಿಂದಲ್ಲ, ಎದುರಿನ ಬೆಟ್ಟದ ಅಂಚಿನಿಂದ ಅಳೆಯಿರಿ. ತಲೆಗೆ ಕಟ್ಟುವ ಟಾರ್ಚ್ ಪ್ರತಿಯೊಬ್ಬರ ಬಳಿಯೂ ಇರಲಿ. ಸೀಟಿಯೂ ಬೇಕು: ನಿಮಿಷಕ್ಕೆ 6 ಸಲ ಊದಿ ಒಂದು ನಿಮಿಷ ಬಿಡುವುದು ಅಪಾಯದ ಕರೆ, ಅದಕ್ಕೆ 3 ಸಲ ಊದುವುದು ಉತ್ತರ.

ಮಣ್ಣುದಾರಿ:
ದಾರಿ ಕಾಯುವ ಕೆಲಸದ ಕಡೆಯಿಂದ ಒಂದು ಕೋರಿಕೆ. ಕಾಡಿನ ಬದಿಯ 4.5 ಕಿ.ಮೀ. ಇಳಿಯುವಾಗ ಹಾವುಮುರಿ ತಿರುವುಗಳನ್ನು ಅಡ್ಡ ಕತ್ತರಿಸಬೇಡಿ. ಚೆನ್ನಾಗಿ ಹಾಕಿದ ಕಾಲುದಾರಿಯ ಏರು, ಅದು ಹಾದುಹೋಗುವ ಗುಡ್ಡದ ಬದಿಯ ಇಳಿಜಾರಿನ ಅರ್ಧ ಮೀರಬಾರದು, ಸರಾಸರಿ 10%ರ ಆಸುಪಾಸು ಇರಬೇಕು. ಹಾಗಿದ್ದಾಗ ಮಳೆನೀರು ದಾರಿಯನ್ನು ಅಡ್ಡ ದಾಟಿ ಕೆಳಬದಿಗೆ ಹೋಗುತ್ತದೆ. ದಾರಿಯ ಮೇಲ್ಮೈಯನ್ನು ಹೊರಬದಿಗೆ 5%ರಷ್ಟು ವಾಲಿಸಿರುವುದೂ ಇದಕ್ಕೇ. ಅಡ್ಡ ಕತ್ತರಿಸಿದ ಜಾಡು ನೇರ ಕೆಳಕ್ಕೆ ಇರುವುದರಿಂದ ನೀರು ಅದನ್ನೇ ಹಿಡಿಯುತ್ತದೆ. ಮೊದಲ ಮಳೆಗೆ ಎಲೆಪದರ ಹೋಗುತ್ತದೆ, ಆಮೇಲೆ ಬೇರು ಬಯಲಾಗುತ್ತದೆ, ಕೆಲವು ಮಳೆಗಾಲದಲ್ಲಿ ಮಂಡಿಯುದ್ದದ ಕೊರಕಲು. ಕೆಳಗಿನ ತಿರುವಿನ ಮೇಲೆ ಆ ಮಣ್ಣೆಲ್ಲ ಬಂದು ಕೂರುತ್ತದೆ.

ಕೆಸರು ಬಂದರೆ ಪಕ್ಕಕ್ಕೆ ಸರಿಯದೆ ನಡುವೆಯೇ ನಡೆಯಿರಿ. ಪ್ರತಿಯೊಬ್ಬರೂ ಒಂದಡಿ ಪಕ್ಕಕ್ಕೆ ಸರಿದರೆ ಒಂದಡಿಯ ದಾರಿ ಮೂರು ಮೀಟರ್ ಕೆಸರುಗದ್ದೆ ಆಗುತ್ತದೆ.

ಸುತ್ತುದಾರಿ:
ದಾರಿಗೆ ಅಡ್ಡ ಓರೆಯಾಗಿ ಮರದ ತುಂಡು, ಕಲ್ಲು ಹೂತಿರುವುದು ನೀರು ತಿರುಗಿಸಲಿಕ್ಕಾ? ಕೆಲವು ಕಡೆ ಅದರ ಮೇಲೆಯೇ ನೀರು ಹರಿಯುತ್ತಿರುತ್ತದೆ.

ಮಣ್ಣುದಾರಿ:
ಹೌದು, ಅದಕ್ಕೇ. ದಾರಿಗೆ 30ರಿಂದ 45 ಡಿಗ್ರಿ ಓರೆಯಾಗಿ ಇಡುತ್ತಾರೆ. ತೀರಾ ಅಡ್ಡವಾಗಿಟ್ಟರೆ ನೀರು ನಿಂತು ಹೂಳು ತುಂಬುತ್ತದೆ, ತೀರಾ ಓರೆಯಾಗಿಟ್ಟರೆ ನೀರು ಜೋರಾಗಿ ಹರಿದು ಬುಡ ಕೊರೆಯುತ್ತದೆ. ಮೇಲೆ ನೀರು ಹರಿಯುತ್ತಿದೆ ಅಂದರೆ ಹಿಂದಿನ ಗುಂಡಿ ಎಲೆ–ಹೂಳಿನಿಂದ ತುಂಬಿದೆ, ಇಲ್ಲವೇ ಕೆಳಬದಿಯ ತೂಬು ಕಟ್ಟಿದೆ. ನೀವೂ ಸರಿಮಾಡಬಹುದು: ಬೂಟಿನ ಹಿಮ್ಮಡಿಯಿಂದ ಕೆಳಬದಿಯ ತೂಬನ್ನು ಮೊದಲು ಬಿಡಿಸಿ, ಆಮೇಲೆ ಮರದ ತುಂಡಿನ ಮೇಲ್ಬದಿಯ ಎಲೆ ಎಳೆದು ಹಾಕಿ. ತೆಗೆದ ಹೂಳನ್ನು ದಾರಿಯ ಕೆಳಬದಿಗೆ, ನೀರು ಹೊರಹೋಗುವ ಬಾಯಿಂದ ದೂರ ಎಸೆಯಿರಿ. ಬಾಯಲ್ಲೇ ಗುಡ್ಡೆ ಹಾಕಿದರೆ ಮುಂದಿನ ಮಳೆಗೆ ಮತ್ತೆ ಕಟ್ಟುತ್ತದೆ. ಹೂತಿರುವ ಕಲ್ಲು, ಮರ ಅಲುಗಾಡುತ್ತಿದ್ದರೆ ಕೀಳಬೇಡಿ. ಜಾಗದ ಫೋಟೋ, ಜಿಪಿಎಸ್ ಅಂಕಿ ತೆಗೆದು ಆ ದಾರಿ ನೋಡಿಕೊಳ್ಳುವವರಿಗೆ ಕಳಿಸಿ. ನೀರು ಈಗ ಯಾವ ಕಡೆಯಿಂದ ಹೋಗುತ್ತಿದೆ ಎಂಬುದು ಫೋಟೋದಲ್ಲಿ ಕಾಣಬೇಕು. ಮಳೆ ಬರುತ್ತಿರುವಾಗಲೇ ತೆಗೆದರೆ ಇನ್ನೂ ಒಳ್ಳೆಯದು.